ವಿಜ್ಞಾನ ಕಥೆಗಳ ಪತ್ರಿಕೆಯ ಸುತ್ತ ಓದುಗರ ಬಳಗ ಬೆಳೆಯುವುದು ಹೇಗೆ?

ಹುಲೇಕಲ್ ಓದುಗ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಮತ್ತು ಸಿದ್ದಾಪುರದ ಕೆಲವು ಗೆಳೆಯರು ಸೇರಿ ವಿಜ್ಞಾನ ಕಥೆ ಹಾಗೂ ಅದ್ಭುತ ಕಥೆಗಳಿಗೇ ಮೀಸಲಾದ ತ್ರೈಮಾಸಿಕವೊಂದನ್ನು ಕನ್ನಡದಲ್ಲಿ ಆರಂಭಿಸಬೇಕೆಂದು ಯೋಚಿಸುತ್ತಿದ್ದೇವೆ. ಮುದ್ರಣ, ಪುಟವಿನ್ಯಾಸ, ಹೆಸರಿನ ನೋಂದಣಿ ಇವುಗಳ ಬಗ್ಗೆ ಸಲಹೆ ಕೊಡಬಲ್ಲವರು ಊರಿನಲ್ಲೇ ಇದ್ದಾರೆ. ನಾನು ಇಲ್ಲಿ ಕೇಳಬೇಕೆಂದಿರುವುದು ಬೇರೆಯದೇ ಆದ ಒಂದು ಪ್ರಶ್ನೆಯನ್ನು.

ಕನ್ನಡದಲ್ಲಿ ವಿಜ್ಞಾನ ಕಥೆಗಳು ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠರು ಬಹಳ ಕಾಲ ಈ ಪ್ರಕಾರವನ್ನು ಶ್ರದ್ಧೆಯಿಂದ ಕಟ್ಟಿದರು. ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳು ಆಗಾಗ ಇಂಥ ಕಥೆಗಳನ್ನು ಪ್ರಕಟಿಸುತ್ತಲೇ ಬಂದಿವೆ. ಆದರೆ ಆ ಕಥೆಗಳನ್ನು ಓದಿದ ಕುಮಟೆಯ ಓದುಗನಿಗೆ ಅದೇ ಕಥೆಯನ್ನು ಅಷ್ಟೇ ಉತ್ಸಾಹದಿಂದ ಓದಿದ ರಾಯಚೂರಿನ ಓದುಗಿಯೊಬ್ಬಳಿದ್ದಾಳೆ ಎಂಬುದು ತಿಳಿಯಲೇ ಇಲ್ಲ. ಬೇರೆ ಭಾಷೆಗಳಲ್ಲಿ ಇದೇ ಪ್ರಕಾರದ ಸುತ್ತ ಜನ ಕೂಡುತ್ತಾರೆ, ವಾದಿಸುತ್ತಾರೆ, ಪ್ರಶಸ್ತಿ ಕೊಡುತ್ತಾರೆ, ಓದುಗರಾಗಿದ್ದವರು ಬರಹಗಾರರಾಗಿ, ಬರಹಗಾರರು ಸಂಪಾದಕರಾಗಿ ಮುಂದುವರಿಯುತ್ತಾರೆ. ಇದರಲ್ಲಿ ಸಣ್ಣಕಥೆಗಳ ಪತ್ರಿಕೆಗಳ ಪಾತ್ರ ದೊಡ್ಡದು ಎಂದು ಓದಿದ್ದೇನೆ. ಕಥೆಗಳನ್ನು ಅಚ್ಚು ಹಾಕುವುದರ ಆಚೆಗೆ ಆ ಪತ್ರಿಕೆಗಳು ನಿಜವಾಗಿ ಏನು ಮಾಡಿದವು?

ಕಥೆಗೆ ವಸ್ತುವಿನ ಬರ ನಮ್ಮ ಜಿಲ್ಲೆಯಲ್ಲಿಲ್ಲ. ಕಾಳಿ, ಶರಾವತಿಗಳ ಅಣೆಕಟ್ಟುಗಳು, ಕೈಗಾ ಸ್ಥಾವರ, ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬಗಳು, ಮಳೆಗಾಲದಲ್ಲಿ ಜಾರುವ ಗುಡ್ಡಗಳು, ಅಡಿಕೆ ತೋಟದ ಎಲೆಚುಕ್ಕಿ ರೋಗ, ಇವೆಲ್ಲ ನಾಳೆಯ ಬಗ್ಗೆ ಯೋಚಿಸುವಂತೆ ಮಾಡುವ ಸಂಗತಿಗಳೇ. ಬರೆಯುವ ಕೈಗಳೂ ಸಿಕ್ಕಾವು. ಓದುವವರು ಒಬ್ಬರಿಗೊಬ್ಬರು ಸಿಗುವುದು ಹೇಗೆ ಎಂಬುದಷ್ಟೇ ನನ್ನ ಚಿಂತೆ. ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ನಿವೃತ್ತ ಮಾಸ್ತರ್, ಕುಮಟಾ

ನಿಮ್ಮ ಪ್ರಶ್ನೆಗೆ ಉತ್ತರವನ್ನು ಆ ಪತ್ರಿಕೆಗಳ ಕಥೆಗಳಿಗಿಂತ ಹೆಚ್ಚಾಗಿ ಅವುಗಳ ಪತ್ರ ವಿಭಾಗದಲ್ಲಿ ಹುಡುಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರು 1926ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಿಂದ ‘ಅಮೇಝಿಂಗ್ ಸ್ಟೋರೀಸ್’ ಆರಂಭಿಸಿದಾಗ ಇಂಗ್ಲಿಷಿನಲ್ಲಿ ವಿಜ್ಞಾನ ಕಥೆಗಳಿಗೇ ಮೀಸಲಾದ ಪತ್ರಿಕೆ ಮತ್ತೊಂದಿರಲಿಲ್ಲ. ಮೊದಮೊದಲ ಸಂಚಿಕೆಗಳಲ್ಲಿ ಹೊಸ ಕಥೆಗಳಿಗಿಂತ ವರ್ನ್, ವೆಲ್ಸ್, ಪೋ ಇವರ ಹಳೆಯ ಕಥೆಗಳ ಮರುಮುದ್ರಣವೇ ಹೆಚ್ಚಾಗಿತ್ತು. ಹೀಗಿದ್ದರೂ ಆ ಪತ್ರಿಕೆಯ ಸುತ್ತ ಜನ ಕಟ್ಟಿಕೊಂಡರು, ಏಕೆಂದರೆ ಅವರು ಓದುಗರ ಪತ್ರಗಳಿಗೆ ಧಾರಾಳವಾಗಿ ಜಾಗ ಕೊಟ್ಟರು ಮತ್ತು ಪತ್ರ ಬರೆದವರ ವಿಳಾಸವನ್ನೂ ಅಚ್ಚು ಹಾಕಿದರು. ವಿಳಾಸ ಸಿಕ್ಕಿದ್ದೇ ಒಂದು ಊರಿನ ಓದುಗ ಸಂಪಾದಕರನ್ನು ಬಿಟ್ಟು ನೇರವಾಗಿ ಇನ್ನೊಂದು ಊರಿನ ಓದುಗನಿಗೆ ಕಾಗದ ಬರೆಯತೊಡಗಿದ. ಆ ಕಾಗದಗಳಿಂದ ಪತ್ರವ್ಯವಹಾರದ ಸಂಘಗಳಾದವು; ಅಂಥ ಸಂಘವೊಂದು 1930ರ ಮೇ ತಿಂಗಳಲ್ಲಿ ‘ದಿ ಕಾಮೆಟ್’ ಎಂಬ ತನ್ನದೇ ಸಣ್ಣ ಪತ್ರಿಕೆಯನ್ನು ಹೊರತಂದಿತು. ಓದುಗರೇ ಓದುಗರಿಗಾಗಿ ತರುವ ಪತ್ರಿಕೆಗಳ ದೊಡ್ಡ ಪರಂಪರೆ ಶುರುವಾದದ್ದು ಅದರಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1934ರಲ್ಲಿ ಗರ್ನ್ಸ್‌ಬ್ಯಾಕ್ ತಮ್ಮ ‘ವಂಡರ್ ಸ್ಟೋರೀಸ್’ ಪತ್ರಿಕೆಯ ಮೂಲಕ ಓದುಗರ ಒಕ್ಕೂಟವೊಂದನ್ನು ಕಟ್ಟಿ ಊರೂರಿನಲ್ಲಿ ಅದರ ಶಾಖೆಗಳಾಗುವಂತೆ ನೋಡಿಕೊಂಡರು. 1939ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಸೇರಿದವರು ಇನ್ನೂರರಷ್ಟು ಜನ. 1953ರಿಂದ ಆ ಸಮ್ಮೇಳನ ಕೊಡುತ್ತಿರುವ ಪ್ರಶಸ್ತಿಗೆ ‘ಹ್ಯೂಗೋ’ ಎಂಬ ಹೆಸರು ನಿಂತಿದೆ. ಗರ್ನ್ಸ್‌ಬ್ಯಾಕ್ ಲೇಖಕರಿಗೆ ಸಂಭಾವನೆ ಕೊಡುವುದರಲ್ಲಿ ತೀರ ಹಿಂದೆ ಬೀಳುತ್ತಿದ್ದರೆಂಬ ದೂರು ಅವರ ಕಾಲದಲ್ಲೇ ಇತ್ತು. ಆದರೂ ಪ್ರಶಸ್ತಿ ಅವರ ಹೆಸರಿನಲ್ಲಿರುವುದಕ್ಕೆ ಆ ಬಳಗದ ಬೀಜ ಬಿತ್ತಿದವರು ಅವರು ಎಂಬುದೇ ಕಾರಣ.

ಎರಡನೆಯ ಉದಾಹರಣೆ 1930ರಲ್ಲಿ ಆರಂಭವಾಗಿ ಇಂದು ‘ಅನಲಾಗ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ‘ಅಸ್ಟೌಂಡಿಂಗ್’ ಪತ್ರಿಕೆಯದು. 1937ರ ಕೊನೆಗೆ ಸಂಪಾದಕರಾಗಿ ಬಂದ ಜಾನ್ ಕ್ಯಾಂಪ್‌ಬೆಲ್ ಅವರು ಓದುಗರ ಪತ್ರಗಳಿಂದ ಪ್ರತಿ ಸಂಚಿಕೆಯ ಕಥೆಗಳಿಗೆ ಸ್ಥಾನ ಲೆಕ್ಕ ಹಾಕಿ, ಯಾವ ಕಥೆ ಮೊದಲನೆಯದು, ಯಾವುದು ಕೊನೆಯದು ಎಂಬ ಪಟ್ಟಿಯನ್ನು ಪ್ರಕಟಿಸುತ್ತಿದ್ದರು. ಮೊದಲ ಸ್ಥಾನ ಪಡೆದ ಲೇಖಕನಿಗೆ ಹೆಚ್ಚಿನ ಹಣವೂ ಸಿಗುತ್ತಿತ್ತು. ತಾನು ಬರೆದ ಕಾರ್ಡಿನಿಂದ ಒಬ್ಬ ಲೇಖಕನ ಸಂಭಾವನೆ ಬದಲಾಗುತ್ತದೆ ಎಂದು ತಿಳಿದ ಓದುಗನಿಗೆ ಪತ್ರಿಕೆ ತನ್ನದೂ ಹೌದು ಅನ್ನಿಸದೇ ಇರಲು ಸಾಧ್ಯವಿಲ್ಲ.

ಅದೇ ಪತ್ರಿಕೆಯ ಪತ್ರ ವಿಭಾಗದಲ್ಲಿ ಮುಂದೆ ಈ ಪ್ರಕಾರದ ಹೆಸರಾಂತ ಲೇಖಕರಾದ ಐಸಾಕ್ ಅಸಿಮೋವ್ ಹದಿಹರೆಯದಲ್ಲಿ ಬರೆದ ಪತ್ರಗಳಿವೆ. 1938ರ ಜೂನ್‌ನಲ್ಲಿ ಆ ಹುಡುಗ ತನ್ನ ಮೊದಲ ಕಥೆಯನ್ನು ಹಿಡಿದು ಕ್ಯಾಂಪ್‌ಬೆಲ್ ಅವರ ಕಚೇರಿಗೇ ಹೋದ. ಪತ್ರಗಳಿಂದ ಪರಿಚಿತವಾಗಿದ್ದ ಹೆಸರಾದ್ದರಿಂದ ಸಂಪಾದಕರು ಒಳಗೆ ಕರೆಸಿ ದೀರ್ಘವಾಗಿ ಮಾತನಾಡಿದರು, ಕಥೆಯನ್ನು ಓದಿ ಒಂದೆರಡು ದಿನಗಳಲ್ಲೇ ಹಿಂದಿರುಗಿಸಿದರು, ಜೊತೆಗೆ ಅದು ಏಕೆ ನಿಲ್ಲುವುದಿಲ್ಲ ಎಂಬುದನ್ನು ವಿವರವಾಗಿ ಬರೆದು ಕಳುಹಿಸಿದರು. ಆತನ ಮೊದಲ ಕಥೆ ಮರುವರ್ಷ ಬೇರೊಂದು ಪತ್ರಿಕೆಯಲ್ಲಿ, ಅಂದರೆ ‘ಅಮೇಝಿಂಗ್’ನಲ್ಲಿ, ಪ್ರಕಟವಾಯಿತು ಎಂಬುದನ್ನು ಗಮನಿಸಬೇಕು. ಆ ತಿರಸ್ಕಾರ ಪತ್ರದ ಫಲ ಮೊದಲು ಸಿಕ್ಕಿದ್ದು ಇನ್ನೊಬ್ಬ ಸಂಪಾದಕರಿಗೆ. ಒಟ್ಟಾರೆ ಅದು ಇಡೀ ಬಳಗದ ಗಳಿಕೆಯಾಯಿತು.

ನಮ್ಮ ಕಡೆಯಲ್ಲೂ ಇದರ ಬೇರು ಇಲ್ಲದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಊರಿನ ಯುವಕ ಮಂಡಳದವರು ಕೈಬರಹದ ಪತ್ರಿಕೆಯೊಂದನ್ನು ತರುತ್ತಿದ್ದರು. ಒಂದೇ ಪ್ರತಿ; ದಪ್ಪ ರಟ್ಟಿನ ಹೊದಿಕೆ, ಅಂಚಿಗೆ ಬಟ್ಟೆಯ ಪಟ್ಟಿ, ದುಂಡಗಿನ ಅಕ್ಷರದ ಒಬ್ಬರೇ ಎಲ್ಲವನ್ನೂ ನಕಲು ಮಾಡುತ್ತಿದ್ದರು. ಅದು ವಾಚನಾಲಯದ ಮೇಜಿನ ಮೇಲಿರುತ್ತಿತ್ತು. ಕೊನೆಯಲ್ಲಿ ಕೆಲವು ಹಾಳೆಗಳನ್ನು ಓದುಗರ ಅನಿಸಿಕೆಗಾಗಿ ಖಾಲಿ ಬಿಡುತ್ತಿದ್ದರು. ಒಬ್ಬರು ನೀಲಿ ಶಾಯಿಯಲ್ಲಿ ‘ಕಥೆಯ ಮುಕ್ತಾಯ ಸರಿ ಬರಲಿಲ್ಲ’ ಎಂದು ಬರೆದರೆ, ಅದರ ಕೆಳಗೆ ಇನ್ನೊಬ್ಬರು ಪೆನ್ಸಿಲಿನಲ್ಲಿ ‘ಮುಕ್ತಾಯವೇ ಈ ಕಥೆಯ ಜೀವ, ಮತ್ತೊಮ್ಮೆ ಓದಬೇಕು’ ಎಂದು ಸೇರಿಸುತ್ತಿದ್ದರು. ಸಂಚಿಕೆ ತಿಂಗಳಿಡೀ ಅಲ್ಲೇ ಇರುವುದರಿಂದ ಕಥೆಗಳನ್ನು ಓದಿ ಮುಗಿಸಿದವರೂ ಆ ಹಾಳೆಗಳಲ್ಲಿ ಹೊಸದೇನು ಬಂದಿದೆ ಎಂದು ನೋಡಲು ಪುನಃ ಬರುತ್ತಿದ್ದರು. ನಿಮ್ಮ ತ್ರೈಮಾಸಿಕಕ್ಕೆ ಬೇಕಾದದ್ದು ಅಂಥ ಹಾಳೆಗಳೇ.

ಆದ್ದರಿಂದ ಪತ್ರಗಳಿಗೆ ಅರ್ಧ ಪುಟ ಕೊಟ್ಟು ‘ಸಂಚಿಕೆ ಚೆನ್ನಾಗಿದೆ’ ಎಂಬ ನಾಲ್ಕು ಸಾಲುಗಳನ್ನು ಹಾಕುವ ರೂಢಿಯನ್ನು ಬಿಟ್ಟುಬಿಡಿ. ಹತ್ತು ಪುಟವಾದರೂ ಇರಲಿ, ಜಗಳ ತೆಗೆಯುವ ಪತ್ರಗಳು ಇರಲಿ, ಒಬ್ಬ ಓದುಗನಿಗೆ ಇನ್ನೊಬ್ಬ ಓದುಗ ಉತ್ತರಿಸುವ ಅವಕಾಶವಿರಲಿ, ಅಗತ್ಯವಿದ್ದಲ್ಲಿ ಮಾತ್ರ ಕೆಳಗೆ ‘ಸಂ.’ ಎಂದು ಒಂದು ಸಾಲು ಸೇರಿಸಿ. ಈಗಿನ ಕಾಲದಲ್ಲಿ ಮನೆ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅಚ್ಚು ಹಾಕುವುದು ಸರಿಯಲ್ಲ. ಹೆಸರು, ಊರು ಸಾಕು, ಪರಸ್ಪರ ಕಾಗದಗಳನ್ನು ಸಂಪಾದಕರೇ ದಾಟಿಸಬಹುದು. ಕಥೆ ಹಿಂದಿರುಗಿಸುವಾಗ ಎರಡು ಸಾಲಿನಲ್ಲಾದರೂ ಕಾರಣ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದ ದಿನಕ್ಕೆ ಸಂಚಿಕೆ ಬರಬೇಕು. ಯಾವಾಗ ಬರುತ್ತದೆಂದು ತಿಳಿಯದ ಪತ್ರಿಕೆಗೆ ಯಾರೂ ಪತ್ರ ಬರೆಯುವುದಿಲ್ಲ.

ಕಾಳಿಯ ದಡ, ಕಾರವಾರ

ಮಾಸ್ತರರು ಅಮೆರಿಕದ ಮಾತನ್ನು ಚೆನ್ನಾಗಿ ವಿವರಿಸಿದ್ದಾರೆ. ನನಗೆ ಅದಕ್ಕಿಂತ ಹತ್ತಿರದ ಉದಾಹರಣೆಗಳು ನಮಗೆ ಹೆಚ್ಚು ಪ್ರಯೋಜನಕ್ಕೆ ಬರುತ್ತವೆ ಎನ್ನಿಸುತ್ತದೆ, ಏಕೆಂದರೆ ಅಲ್ಲಿ ಪತ್ರಿಕೆಗೆ ಮಾರುಕಟ್ಟೆ ಮೊದಲೇ ಇತ್ತು, ನಮ್ಮಲ್ಲಿ ಇಲ್ಲ.

ಕೊಲ್ಕತ್ತೆಯಲ್ಲಿ 1963ರ ಜನವರಿಯಲ್ಲಿ ಅದ್ರೀಶ್ ಬರ್ಧನ್ ಅವರು ‘ಆಶ್ಚರ್ಯ’ ಎಂಬ ಬಂಗಾಳಿ ಪತ್ರಿಕೆಯನ್ನು ಆರಂಭಿಸಿದರು. ಭಾರತೀಯ ಭಾಷೆಗಳಲ್ಲಿ ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಪತ್ರಿಕೆ ಅದು. ಸಂಪಾದಕರಾಗಿ ಅವರು ಬಳಸಿದ್ದು ಆಕಾಶ್ ಸೇನ್ ಎಂಬ ಹೆಸರನ್ನು. ಆ ಬಳಗ ಪತ್ರಿಕೆಯೊಳಗೇ ಉಳಿಯಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1966ರಲ್ಲಿ ಅವರೆಲ್ಲ ಸೇರಿ ವಿಜ್ಞಾನ ಕಥೆಗಳ ಚಲನಚಿತ್ರ ಸಂಘವೊಂದನ್ನು ಕಟ್ಟಿದರು. ಸತ್ಯಜಿತ್ ರಾಯ್ ಅದರ ಅಧ್ಯಕ್ಷರಾಗಿದ್ದರು, ಪ್ರೇಮೇಂದ್ರ ಮಿತ್ರ ಉಪಾಧ್ಯಕ್ಷರು, ಬರ್ಧನ್ ಕಾರ್ಯದರ್ಶಿ. ಅದೇ ಕಾಲದಲ್ಲಿ ನಾಲ್ವರು ಲೇಖಕರು ಒಂದೇ ಕಲ್ಪನೆಯನ್ನು ಹಂಚಿಕೊಂಡು ಬರೆದ ಕಥೆಗಳು ಆಕಾಶವಾಣಿಯಲ್ಲಿ ಪ್ರಸಾರವಾದವು. ಪತ್ರಿಕೆ 1970ರ ದಶಕದ ಆರಂಭದಲ್ಲಿ ನಿಂತುಹೋಯಿತು, ಆದರೆ ಆ ಓದಿನ ರುಚಿ ನಿಲ್ಲಲಿಲ್ಲ. 2016ರಲ್ಲಿ ಆರಂಭವಾದ ‘ಕಲ್ಪವಿಶ್ವ’ ಎಂಬ ಬಂಗಾಳಿ ಅಂತರಜಾಲ ಪತ್ರಿಕೆಯವರು ಅದೇ ಪರಂಪರೆಯನ್ನು ಮುಂದುವರಿಸುತ್ತಿದ್ದಾರೆ. ನಮಗೂ ಕಾರವಾರದಲ್ಲಿ ಆಕಾಶವಾಣಿ ಕೇಂದ್ರವಿದೆ. ನಿಮ್ಮ ಪತ್ರಿಕೆಯ ಕಥೆಯೊಂದನ್ನು ಲೇಖಕರ ಒಪ್ಪಿಗೆ ಪಡೆದು ಓದಿಸುವುದಕ್ಕೆ ಅಲ್ಲಿ ವಿಚಾರಿಸಬೇಕು. ಪತ್ರಿಕೆಯನ್ನು ಕೊಳ್ಳದವರೂ, ಕಣ್ಣು ಮಂಜಾದ ಹಿರಿಯರೂ ಆಗ ಬಳಗದೊಳಗೆ ಬರುತ್ತಾರೆ.

ಕಾರವಾರದವರಿಗೆ ಮರಾಠಿ ಹತ್ತಿರದ ಭಾಷೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ನಡೆಸಿದ ಕಥಾಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ ಎಂಬ ಅಪರಿಚಿತ ಹೆಸರಿನಲ್ಲಿ ಕಪ್ಪುಕುಳಿಯನ್ನು ಕುರಿತ ಕಥೆಯೊಂದು ಬಂತು, ಬಹುಮಾನ ಪಡೆಯಿತು. ಬರೆದವರು ಖಗೋಳ ವಿಜ್ಞಾನಿ ಜಯಂತ ನಾರಳೀಕರ್. ತಮ್ಮ ಖ್ಯಾತಿಯನ್ನು ನೋಡಿ ತೀರ್ಪು ಕೊಡಬಾರದೆಂದು ಅವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿಕೊಂಡಿದ್ದರು. ಹೆಸರನ್ನು ಮುಚ್ಚಿಟ್ಟು ಕಥೆಯನ್ನು ಓದುವ ಪದ್ಧತಿ ಹೊಸಬರಿಗೆ ಎಷ್ಟು ಧೈರ್ಯ ಕೊಡುತ್ತದೆ ಎಂಬುದಕ್ಕೆ ನಾನು ಯಾವಾಗಲೂ ಇದನ್ನೇ ಉದಾಹರಿಸುತ್ತೇನೆ, ಅಲ್ಲಿ ಹೆಸರು ಮುಚ್ಚಿಕೊಂಡವರು ದೊಡ್ಡವರಾಗಿದ್ದರೂ ಸಹ.

ಎಲ್ಲಕ್ಕಿಂತ ದೊಡ್ಡ ಪಾಠ ಚೀನಾದ ಚೆಂಗ್ದು ನಗರದ್ದು. ಅಲ್ಲಿ 1979ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಗಿ 1991ರಿಂದ ‘ಸೈನ್ಸ್ ಫಿಕ್ಷನ್ ವರ್ಲ್ಡ್’ ಎಂಬ ಅರ್ಥದ ಹೆಸರಿನಲ್ಲಿ ಬರುತ್ತಿರುವ ಪತ್ರಿಕೆಯಿದೆ. 1983ರ ಸುಮಾರಿಗೆ ಸರ್ಕಾರದ ಪ್ರಚಾರಾಂದೋಲನವೊಂದು ವಿಜ್ಞಾನ ಕಥೆಗಳನ್ನು ತಪ್ಪು ದಾರಿಗೆಳೆಯುವ ಬರಹವೆಂದು ದೂಷಿಸಿದಾಗ ಇಂಥ ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ಇವರು ಮಾತ್ರ ಹಿಡಿದುಕೊಂಡು ಉಳಿದರು, 1986ರಲ್ಲಿ ‘ಗ್ಯಾಲಕ್ಸಿ’ ಪ್ರಶಸ್ತಿಯನ್ನು ಸ್ಥಾಪಿಸಿದರು. ಸಂಪಾದಕಿ ಯಾಂಗ್ ಷಿಯಾವ್ ಅವರು 1990ರಲ್ಲಿ ವಿಜ್ಞಾನ ಕಥೆಗಾರರ ಅಂತರರಾಷ್ಟ್ರೀಯ ಸಭೆಯನ್ನು ತಮ್ಮ ಊರಿಗೆ ತರಿಸಿಕೊಳ್ಳಲೆಂದು ಚೀನಾದಿಂದ ನೆದರ್ಲೆಂಡ್ಸ್‌ವರೆಗೆ ರೈಲಿನಲ್ಲಿ ಪ್ರಯಾಣ ಮಾಡಿ ಹೋದರು. ಮರುವರ್ಷ ಆ ಸಭೆ ಚೆಂಗ್ದುವಿನಲ್ಲೇ ನಡೆಯಿತು. 1999ರಲ್ಲಿ ಅಲ್ಲಿಯ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ನೆನಪುಗಳನ್ನು ಒಬ್ಬರಿಂದ ಒಬ್ಬರಿಗೆ ಕಸಿ ಮಾಡುವಂತಾದರೆ ಏನಾಗುತ್ತದೆಂಬ ಪ್ರಬಂಧದ ವಿಷಯ ಬಂದಾಗ, ಅದೇ ವಿಷಯದ ಬರಹ ಆ ತಿಂಗಳ ಸಂಚಿಕೆಯಲ್ಲಿತ್ತು. ಮಕ್ಕಳ ಕೈಯಿಂದ ಈ ಪತ್ರಿಕೆಯನ್ನು ಕಿತ್ತುಕೊಳ್ಳುತ್ತಿದ್ದ ತಂದೆ ತಾಯಿಗಳೇ ಆಮೇಲೆ ಅದನ್ನು ಕೊಡಿಸತೊಡಗಿದರು, ಪ್ರಸಾರ ಬಹಳ ಏರಿತು. ಲಿಯು ಸಿಷಿನ್ ಅವರಿಗೆ 2015ರಲ್ಲಿ ಹ್ಯೂಗೋ ಪ್ರಶಸ್ತಿಯನ್ನು ತಂದುಕೊಟ್ಟ ಕಾದಂಬರಿ 2006ರಲ್ಲಿ ಮೊದಲು ಧಾರಾವಾಹಿಯಾಗಿ ಬಂದದ್ದು ಈ ಪತ್ರಿಕೆಯಲ್ಲೇ, ಮತ್ತು 2023ರ ವಿಶ್ವ ಸಮ್ಮೇಳನ ನಡೆದದ್ದೂ ಅದೇ ಊರಿನಲ್ಲಿ. ರಾಜಧಾನಿಯಿಂದ ಬಹುದೂರದ ಊರೊಂದು ಒಂದು ಪತ್ರಿಕೆಯ ಬಲದಿಂದ ಆ ಸಾಹಿತ್ಯದ ಕೇಂದ್ರವಾಯಿತು. ಶಿರಸಿಯಲ್ಲಿ ಕೂತು ಬೆಂಗಳೂರಿನ ಕಡೆ ನೋಡುವ ಅಗತ್ಯವಿಲ್ಲ ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ನಮ್ಮ ಹೈಸ್ಕೂಲು, ಕಾಲೇಜುಗಳ ಮಕ್ಕಳನ್ನು ಮೊದಲಿನಿಂದಲೇ ಒಳಗೆ ಕರೆಯಿರಿ. ವಿಜ್ಞಾನ ಶಿಕ್ಷಕರ ಕೈಗೆ ಒಂದೊಂದು ಪ್ರತಿ ತಲುಪಬೇಕು.

ಲೆಕ್ಕದ ಪುಸ್ತಕ, ಶಿರಸಿ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಹಣದ ಮಾತನ್ನು ಯಾರೂ ಎತ್ತದ ಕಾರಣ ಸಂಕ್ಷೇಪವಾಗಿ ಬರೆಯುತ್ತೇನೆ. ಸಣ್ಣ ಪತ್ರಿಕೆಗೆ ಹಣ ಬರುವ ದಾರಿಯೇ ಬಳಗವನ್ನೂ ಕಟ್ಟುತ್ತದೆ. ‘ಸ್ಟ್ರೇಂಜ್ ಹರೈಜನ್ಸ್’ ಎಂಬ ಅಂತರಜಾಲ ಪತ್ರಿಕೆ 2000ದಿಂದ ಸ್ವಯಂಸೇವಕರ ದುಡಿಮೆಯಲ್ಲಿ ನಡೆಯುತ್ತಿದೆ. ಓದಲು ಹಣ ಕೊಡಬೇಕಿಲ್ಲ, ಆದರೆ ಲೇಖಕರಿಗೆ ಸಂಭಾವನೆಯುಂಟು, ವೆಚ್ಚವನ್ನು ಓದುಗರ ದೇಣಿಗೆಯೇ ಭರಿಸುತ್ತದೆ. 2014ರಲ್ಲಿ ಆರಂಭವಾದ ‘ಅನ್‌ಕ್ಯಾನಿ’ ತನ್ನ ಓದುಗರಿಂದಲೇ ಮುಂಗಡ ಹಣ ಸಂಗ್ರಹಿಸಿ, ಹಾಗೆ ಕೊಟ್ಟವರಿಗೆ ಒಂದು ಪಡೆಯ ಹೆಸರನ್ನಿಟ್ಟು, ಅವರನ್ನು ಪತ್ರಿಕೆಯ ಒಳಗಿನವರೆಂದೇ ಕರೆಯುತ್ತದೆ. ಮಧ್ಯವರ್ತಿಯ ಮೇಲೆ ಒರಗಿದರೆ ಏನಾಗುತ್ತದೆಂಬುದು 2023ರಲ್ಲಿ ಕಂಡಿತು: ಅಮೆಝಾನ್ ಕಂಪನಿ ಕಿಂಡಲ್ ಮೂಲಕ ಪತ್ರಿಕೆಗಳಿಗೆ ಚಂದಾ ಪಡೆಯುವ ವ್ಯವಸ್ಥೆಯನ್ನು ನಿಲ್ಲಿಸಿದಾಗ ಅನೇಕ ಕಥಾಪತ್ರಿಕೆಗಳ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು, ಏಕೆಂದರೆ ಆ ಚಂದಾದಾರರ ಹೆಸರು, ವಿಳಾಸ ಯಾವುದೂ ಪತ್ರಿಕೆಗಳ ಬಳಿ ಇರಲಿಲ್ಲ.

ಚಂದಾದಾರರ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ. ನಮ್ಮ ಅಂಚೆ ಇಲಾಖೆಯ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತ ಮೇಲೆ ಸಣ್ಣ ಪ್ರಕಾಶಕರಿಗೆ ರವಾನೆಯ ವೆಚ್ಚ ಹೊರೆಯಾಯಿತು. ಆದ್ದರಿಂದ ನೋಂದಣಿಯನ್ನು ಬೇಗ ಮುಗಿಸಿ, ನೋಂದಾಯಿತ ಪತ್ರಿಕೆಗಳಿಗಿರುವ ಅಂಚೆ ರಿಯಾಯಿತಿಗೆ ಅರ್ಜಿ ಹಾಕುವುದು ಒಳ್ಳೆಯದು. ಲೇಖಕರಿಗೆ ಮೊತ್ತ ಸಣ್ಣದಾದರೂ ಸಂಚಿಕೆ ಬಂದ ವಾರದೊಳಗೆ ತಲುಪಿಸಿ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಪತ್ರಿಕೆಯಲ್ಲೇ ಪ್ರಕಟಿಸಿದರೆ ಚಂದಾದಾರರಿಗೆ ನಂಬಿಕೆ ಬರುತ್ತದೆ. ಇದನ್ನು ನಮ್ಮ ಸೊಸೈಟಿಗಳಿಂದಲೇ ಕಲಿಯಬಹುದು.

ಹುಲೇಕಲ್ ಓದುಗ, ಶಿರಸಿ

ಮಾಸ್ತರೇ, ಕಾರವಾರದವರೇ, ಎಲ್ಲರಿಗೂ ಕೃತಜ್ಞತೆಗಳು. ಓದುಗರೇ ಕಥೆಗಳಿಗೆ ಸ್ಥಾನ ಕೊಡುವ ಕ್ರಮವನ್ನು ನಮ್ಮ ಗೆಳೆಯರೆಲ್ಲ ಇಷ್ಟಪಟ್ಟಿದ್ದಾರೆ. ಎರಡು ಸಂದೇಹಗಳು ಉಳಿದಿವೆ. ಮೊದಲನೆಯದು, ಹೀಗೆ ಓದುಗರ ಮತಕ್ಕೇ ಎಲ್ಲವನ್ನೂ ಬಿಟ್ಟರೆ ಮೊದಲಿಗೆ ಬಂದು ಸೇರಿದವರ ರುಚಿಯೇ ಪತ್ರಿಕೆಯ ರುಚಿಯಾಗಿ ಗಟ್ಟಿಯಾಗಿಬಿಡುವುದಿಲ್ಲವೇ? ಎರಡನೆಯದು, ಯಂತ್ರದಿಂದ, ಅಂದರೆ ಕೃತಕ ಬುದ್ಧಿಮತ್ತೆಯಿಂದ, ಬರೆಸಿದ ಕಥೆಗಳು. ಇವುಗಳನ್ನು ಹೇಗೆ ಎದುರಿಸುವುದು?

ಯಲ್ಲಾಪುರದ ಅಕ್ಕೋರು

ನಿಮ್ಮ ಮೊದಲ ಸಂದೇಹ ಸರಿಯಾದದ್ದು, ಮತ್ತು ಅದಕ್ಕೆ ಉತ್ತರ ಮಾಸ್ತರರು ಹೊಗಳಿದ ಕ್ಯಾಂಪ್‌ಬೆಲ್ ಅವರ ಕಥೆಯಲ್ಲೇ ಇದೆ. ಹೊಸ ಲೇಖಕರನ್ನು ಬೆಳೆಸಿದ ಅದೇ ಸಂಪಾದಕರು ಜನಾಂಗದ ವಿಷಯದಲ್ಲಿ ಬಹಳ ಸಂಕುಚಿತವಾದ ಅಭಿಪ್ರಾಯಗಳನ್ನು ಸಂಪಾದಕೀಯಗಳಲ್ಲಿ ಬಹಿರಂಗವಾಗಿ ಬರೆದರು. ಅವರ ಹೆಸರಿನಲ್ಲಿ ಹೊಸ ಲೇಖಕರಿಗೆ ಕೊಡುತ್ತಿದ್ದ ಪ್ರಶಸ್ತಿಯನ್ನು 2019ರಲ್ಲಿ ಪಡೆದ ಜೆನೆಟ್ ಇಂಗ್ ಅವರು ವೇದಿಕೆಯ ಮೇಲೇ ಆ ಮಾತನ್ನು ಎತ್ತಿದರು. ಕೆಲವೇ ದಿನಗಳಲ್ಲಿ ಪ್ರಶಸ್ತಿಯ ಹೆಸರು ‘ಅಸ್ಟೌಂಡಿಂಗ್’ ಎಂದು ಬದಲಾಯಿತು. ಬಳಗವೊಂದು ತನ್ನ ಹಿರಿಯರನ್ನು ಹೀಗೆ ಮರುಪರಿಶೀಲಿಸಲು ಎಂಟು ದಶಕಗಳು ಹಿಡಿದವು ಎಂಬುದನ್ನು ನೆನಪಿಡಬೇಕು. ಬಾಗಿಲು ಯಾರಿಗೆ ಮುಚ್ಚಿದೆ ಎಂಬುದು ಒಳಗಿರುವವರಿಗೆ ಕಾಣುವುದೇ ಇಲ್ಲ.

ಇದಕ್ಕೆ ಪತ್ರಿಕೆಗಳೇ ಕಂಡುಕೊಂಡ ಉಪಾಯಗಳೂ ಇವೆ. ‘ಲೈಟ್‌ಸ್ಪೀಡ್’ ಪತ್ರಿಕೆ 2014ರಲ್ಲಿ ಒಂದು ಸಂಚಿಕೆಯನ್ನು ಪೂರ್ತಿಯಾಗಿ ಮಹಿಳೆಯರ ಕೈಗೆ ಕೊಟ್ಟಿತು. ಬರೆದವರು, ಆಯ್ದವರು, ಸಂಪಾದಿಸಿದವರು ಎಲ್ಲರೂ ಮಹಿಳೆಯರೇ. ಕಪ್ಪು ವರ್ಣೀಯ ಲೇಖಕರ ಕಥೆಗಳಿಗಾಗಿಯೇ 2017ರಲ್ಲಿ ‘ಫೈಯಾ’ ಎಂಬ ಪತ್ರಿಕೆ ಆರಂಭವಾಯಿತು. ಬೇರೆಯವರ ಬಳಗದಲ್ಲಿ ಮೂಲೆಯೊಂದನ್ನು ಕೇಳುವ ಬದಲು ಅವರು ತಮ್ಮದೇ ಅಂಗಳವನ್ನು ಹಾಕಿಕೊಂಡರು, ಈಗ ಇತರರು ಅಲ್ಲಿಗೆ ಹೋಗಿ ಓದುತ್ತಾರೆ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು ಬಹಳ ನಿಜ. ಶಿರಸಿ, ಸಿದ್ದಾಪುರಗಳಲ್ಲಿ ಪತ್ರಿಕೆ ಎಂದರೆ ಬರೆಯುವವರೂ ಓದುವವರೂ ಬಹುಮಟ್ಟಿಗೆ ತೋಟದ ಮನೆಗಳವರೇ ಆಗಿರುತ್ತಾರೆ. ನಾನು ಯಲ್ಲಾಪುರದಲ್ಲಿ ಸಿದ್ದಿ ಮಕ್ಕಳಿಗೆ ಪಾಠ ಹೇಳಿದವಳು. ಕಾಡಿನ ಬಗ್ಗೆ, ಆಫ್ರಿಕದಿಂದ ಕಡಲು ದಾಟಿ ಬಂದ ಪೂರ್ವಿಕರ ಬಗ್ಗೆ ಆ ಮಕ್ಕಳು ಹೇಳುವ ಕಥೆಗಳನ್ನು ಕೇಳಿದವರಿಗೆ ಅದ್ಭುತ ಕಥೆಯ ಬೇರುಗಳು ಎಲ್ಲಿವೆ ಎಂದು ಬೇರೆ ಹೇಳಬೇಕಾಗಿಲ್ಲ. ಅಂಕೋಲೆಯ ಹಾಲಕ್ಕಿ ಹಾಡುಗಳಲ್ಲಿ, ಕರಾವಳಿಯ ಮೀನುಗಾರರ ಕೊಂಕಣಿಯಲ್ಲಿ, ಮುಂಡಗೋಡಿನ ಟಿಬೆಟನ್ ಶಿಬಿರದಲ್ಲಿ ಬೆಳೆದ ಹುಡುಗ ಹುಡುಗಿಯರ ಕನ್ನಡದಲ್ಲಿ ಇನ್ನೂ ಬರೆಯದ ಕಥೆಗಳಿವೆ. ಆದ್ದರಿಂದ ನಿಮ್ಮ ಕಥೆ ಆಯ್ಕೆಯ ಸಮಿತಿಯಲ್ಲಿ ಹೊರಗಿನವರೊಬ್ಬರಾದರೂ ಪ್ರತಿ ಸಂಚಿಕೆಗೆ ಬದಲಾಗುತ್ತಿರಲಿ. ಬರೆದು ರೂಢಿಯಿಲ್ಲದವರು ಹೇಳಿದ್ದನ್ನು ಬರೆದುಕೊಂಡು, ಅವರದೇ ಹೆಸರಿನಲ್ಲಿ, ಅವರ ಮಾತಿನ ಲಯ ಕೆಡಿಸದೆ ಪ್ರಕಟಿಸುವ ಅವಕಾಶವಿರಲಿ. ಓದುಗರು ಕೊಡುವ ಸ್ಥಾನದ ಪಟ್ಟಿಯನ್ನು ಪ್ರಕಟಿಸಿ, ಆದರೆ ಮುಂದಿನ ಸಂಚಿಕೆಯ ಆಯ್ಕೆಯನ್ನು ಅದಕ್ಕೆ ಕಟ್ಟಿಹಾಕಬೇಡಿ.

ಕೂಟದ ಬಗ್ಗೆಯೂ ಒಂದು ಮಾತು. ಉದ್ಘಾಟನೆ, ಹಾರ, ಭಾಷಣಗಳ ಸಮಾರಂಭ ಮಾಡಬೇಡಿ. ನಮ್ಮ ಸೀಮೆಯ ಜನ ತಾಳಮದ್ದಲೆಗೆ ಹೋಗುವುದು ಕಥೆ ಏನೆಂದು ತಿಳಿಯಲು ಅಲ್ಲ, ಗೊತ್ತಿರುವ ಕಥೆಯನ್ನು ಈ ದಿನ ಅರ್ಥಧಾರಿ ಹೇಗೆ ವಾದಿಸುತ್ತಾನೆ ಎಂದು ಕೇಳಲು. ಹಾಗೆಯೇ ಸಂಚಿಕೆಯ ಒಂದೇ ಒಂದು ಕಥೆಯನ್ನು ಮೊದಲೇ ಓದಿಕೊಂಡು ಬರಲು ತಿಳಿಸಿ, ಅದರ ಪರ ಒಬ್ಬರು, ವಿರುದ್ಧ ಒಬ್ಬರು ಮಾತನಾಡಲಿ, ಉಳಿದವರು ಸೇರಿಕೊಳ್ಳಲಿ. ಒಂದು ಸಲ ಶಿರಸಿಯಲ್ಲಾದರೆ ಇನ್ನೊಂದು ಸಲ ಕಾರವಾರದಲ್ಲೋ ಮುಂಡಗೋಡಿನಲ್ಲೋ ಆಗಲಿ, ಏಕೆಂದರೆ ಸಂಜೆಯ ಕೊನೆಯ ಬಸ್ಸಿನ ಚಿಂತೆ ಯಾವಾಗಲೂ ಒಂದೇ ಊರಿನವರ ಪಾಲಿಗೆ ಬರಬಾರದು.

ನಿವೃತ್ತ ಮಾಸ್ತರ್, ಕುಮಟಾ

ಅಕ್ಕೋರು ಹೇಳಿದ್ದು ಯೋಗ್ಯವಾಗಿದೆ. ಸ್ಥಾನದ ಪಟ್ಟಿ ಬೇರೆ, ಆಯ್ಕೆ ಬೇರೆ ಎಂಬ ಅವರ ಸಲಹೆಯನ್ನು ಮೊದಲ ಸಂಚಿಕೆಯ ನಿಯಮಗಳಲ್ಲೇ ಸೇರಿಸಿಬಿಡಿ.

ಯಂತ್ರದ ಕಥೆಗಳ ವಿಷಯಕ್ಕೆ ಬರುತ್ತೇನೆ. 2006ರಲ್ಲಿ ನೀಲ್ ಕ್ಲಾರ್ಕ್ ಅವರು ಆರಂಭಿಸಿದ ‘ಕ್ಲಾರ್ಕ್ಸ್‌ವರ್ಲ್ಡ್’ ಪತ್ರಿಕೆಗೆ 2023ರ ಫೆಬ್ರವರಿಯಲ್ಲಿ ಅಂಥ ಕಥೆಗಳು ಎಷ್ಟು ಬಂದು ಬಿದ್ದವೆಂದರೆ, ಹೊಸ ಕಥೆಗಳನ್ನು ಸ್ವೀಕರಿಸುವುದನ್ನೇ ಅವರು ಕೆಲಕಾಲ ನಿಲ್ಲಿಸಬೇಕಾಯಿತು. ಅವುಗಳನ್ನು ಕಳುಹಿಸಿದವರಲ್ಲಿ ಬಹುತೇಕರು ಆ ಪತ್ರಿಕೆಯನ್ನು ಓದುವವರಲ್ಲ. ಕಥೆ ಕಳುಹಿಸಿದರೆ ಹಣ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಬಂದವರು. ದೊಡ್ಡ ಪತ್ರಿಕೆಗೆ ಇದು ಕಠಿಣವಾದ ಸಮಸ್ಯೆ. ಪರಿಚಯವಿಲ್ಲದ ಒಳ್ಳೆಯ ಲೇಖಕನನ್ನೂ ಅನುಮಾನದಿಂದ ನೋಡುವಂತಾದರೆ ಹೊಸಬರಿಗೆ ಬಾಗಿಲು ತೆರೆದಿಡುವ ಪದ್ಧತಿಯೇ ಸೊರಗುತ್ತದೆ.

ನಿಮ್ಮಂಥ ಸಣ್ಣ ಪತ್ರಿಕೆಗೆ ಒಂದು ಅನುಕೂಲವಿದೆ. ಕಥೆ ಕಳುಹಿಸುವವರು ಹಿಂದಿನ ಸಂಚಿಕೆಯ ಯಾವುದಾದರೂ ಒಂದು ಕಥೆಯ ಬಗ್ಗೆ ತಮಗೆ ಅನ್ನಿಸಿದ್ದನ್ನು ಅರ್ಧ ಪುಟ ಕೈಬರಹದಲ್ಲಿ ಬರೆದು ಜೊತೆಗಿಡಬೇಕು ಎಂದು ನಿಯಮ ಮಾಡಿ. ಚಂದಾದಾರರೇ ಆಗಿರಬೇಕೆಂದು ಒತ್ತಾಯಿಸಬೇಡಿ. ವಾಚನಾಲಯದಲ್ಲಿ ಓದಿದವರೂ ಎರವಲು ಪಡೆದು ಓದಿದವರೂ ಬರೆಯಲಿ. ಕೈಯಲ್ಲಿ ಬರೆಯಲಾಗದವರು ಯಾರಿಂದಲಾದರೂ ಬರೆಸಿ ಕಳುಹಿಸಬಹುದು ಎಂಬ ವಿನಾಯಿತಿಯೂ ಇರಲಿ. ಯಂತ್ರದಿಂದ ಆ ಅರ್ಧ ಪುಟವನ್ನೂ ಬರೆಸಿ ನಕಲು ಮಾಡುವವರು ಇದ್ದಾರು, ಆದರೆ ಆ ಶ್ರಮಕ್ಕೆ ಇಳಿಯುವವರು ಕಡಿಮೆ. ಆ ಅರ್ಧ ಪುಟಗಳಲ್ಲಿ ಒಳ್ಳೆಯವು ಪತ್ರ ವಿಭಾಗಕ್ಕೆ ಹೋಗುತ್ತವೆ, ಕಥೆ ಸ್ವೀಕಾರವಾಗಲಿ ಬಿಡಲಿ, ಬರೆದವರ ಹೆಸರು ಮತ್ತು ಊರು ಅಚ್ಚಾಗುತ್ತದೆ. ಮೊದಲ ಸಂಚಿಕೆಗೆ ಹಿಂದಿನ ಸಂಚಿಕೆ ಇರುವುದಿಲ್ಲವಾದ್ದರಿಂದ, ತಮ್ಮನ್ನು ಈ ಪ್ರಕಾರಕ್ಕೆ ಎಳೆತಂದ ಯಾವುದಾದರೂ ಕನ್ನಡ ಕಥೆಯ ಬಗ್ಗೆ ಬರೆಯಲು ಕೇಳಿ. ಹಳೆಯ ವಾರಪತ್ರಿಕೆಗಳಲ್ಲಿ ಬಂದು ಮರೆಯಾದ ಎಷ್ಟೋ ಕಥೆಗಳ ಹೆಸರುಗಳು ಆ ಪತ್ರಗಳಿಂದ ಸಿಗುತ್ತವೆ, ಅವುಗಳನ್ನು ಹುಡುಕಿ ಹಕ್ಕುದಾರರ ಒಪ್ಪಿಗೆ ಪಡೆದು ಸಂಚಿಕೆಗೊಂದರಂತೆ ಮರುಮುದ್ರಿಸಬಹುದು. ಪತ್ರಗಳನ್ನು ಓದಿ, ಆಯ್ದು, ಜೋಡಿಸುವ ಕೆಲಸಕ್ಕೆ ಕೈ ಬೇಕಾದರೆ ನಾನು ಸಿದ್ಧನಿದ್ದೇನೆ. ಕುಮಟೆಗೆ ಕಟ್ಟು ಕಳುಹಿಸಿದರೆ ಹದಿನೈದು ದಿನಗಳಲ್ಲಿ ಹಿಂದಿರುಗಿಸುತ್ತೇನೆ.